ಕಳ್ಳರಿಗೆ ಗೊತ್ತಿಲ್ಲದ ಬೀಗ

ಜನರಿಗಿಂತ ಸೈಕಲ್ಲುಗಳೇ ಹೆಚ್ಚಿರುವ ಆ ಪರದೇಶದ ಊರಿನಲ್ಲಿ ಪುಟ್ಟಸ್ವಾಮಯ್ಯನವರು ಬಾಡಿಗೆಗೆ ಒಂದು ಕಪ್ಪು ಸೈಕಲ್ ಹಿಡಿದು, ಹೆಂಡತಿಯನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಮ್ಯೂಸಿಯಂ ತಲುಪಿದರು. ಅಂಥವೇ ನೂರಾರು ಕಪ್ಪು ಸೈಕಲ್ಲುಗಳ ಸಾಲಿನಲ್ಲಿ ಅದನ್ನು ನಿಲ್ಲಿಸಿ, ಹೆಗಲ ಚೀಲವನ್ನೆಲ್ಲ ತಡಕಾಡಿ, ರೈಲಿನಲ್ಲಿ ಸೂಟ್‌ಕೇಸ್ ಕಟ್ಟುವ ಚೈನು ಹೊರತೆಗೆದರು.

“ರೀ, ಅಂಗಡಿಯವನೇ ಬೀಗ ಕೊಟ್ಟಿದಾನಲ್ಲ?”

“ಅವನ ಬೀಗ ಈ ಊರಿನ ಕಳ್ಳರಿಗೆ ಗೊತ್ತಿರತ್ತೆ ಕಣೇ, ನಂದು ಗೊತ್ತಿರಲ್ಲ. ಮೂವತ್ತು ವರ್ಷ ರೈಲಲ್ಲಿ ಓಡಾಡಿದೀನಿ, ಒಂದು ಪೆಟ್ಟಿಗೆ ಕಳೆದಿದೆಯಾ?”

ಚಕ್ರಕ್ಕೆ ಎರಡು ಸುತ್ತು ಸುತ್ತಿ ಕಂಬಕ್ಕೆ ಬಿಗಿದು, ಬೀಗವನ್ನು ಮೂರು ಸಲ ಜಗ್ಗಿ ನೋಡಿಯೇ ಒಳಗೆ ಹೋದರು.

ಎರಡು ಗಂಟೆ ಬಿಟ್ಟು ಬಂದರೆ ಯಾರೋ ಹೆಂಗಸು ಆ ಚೈನನ್ನು ಎಳೆದಾಡುತ್ತಿದ್ದಳು. ಪಕ್ಕದಲ್ಲಿ ಪೊಲೀಸ್.

“ನೋಡಿದ್ಯಾ? ಕಳ್ಳಿ ಸಿಕ್ಕಿಬಿದ್ಲು!” ಎಂದು ಹೆಂಡತಿಗೆ ಹೇಳಿ, ಕೀಲಿ ಎತ್ತಿ ತೋರಿಸುತ್ತ ಎದೆಯುಬ್ಬಿಸಿ ನಡೆದರು. “ಸಾರ್, ಈ ಚೈನು ನಂದು!”

“ಸದ್ಯ, ಬಂದಿರಲ್ಲ,” ಎಂದ ಪೊಲೀಸ್. “ಈಕೆಯ ಸೈಕಲ್ ಬಿಡಿಸಿಕೊಡಿ.”

ಅದರ ಪಕ್ಕದಲ್ಲೇ ಅವರ ಬಾಡಿಗೆ ಸೈಕಲ್ಲು ಬೀಗವಿಲ್ಲದೆ, ಬುಟ್ಟಿಯಲ್ಲಿ ಹೆಂಡತಿ ಇಟ್ಟಿದ್ದ ಚಪಾತಿ ಡಬ್ಬಿಯ ಸಮೇತ, ನಿಲ್ಲಿಸಿದಲ್ಲೇ ನಿಂತಿತ್ತು.