ತಾತನ ಸಂತತಿ

ಬಸ್ ನಿಲ್ದಾಣದ ಹೆಂಗಸರ ಶೌಚಾಲಯದ ಬಾಗಿಲಲ್ಲಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಅಣ್ಣ ಬಂದು ನಿಂತಿದ್ದ. ಫಿನಾಯಿಲ್ ಸುರಿದು ನೆಲ ಉಜ್ಜುತ್ತಿದ್ದ ತಂಗಿ ತಲೆಯೆತ್ತಿ ನೋಡಿದಳು. ಅವಳು ಇಲ್ಲಿ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಅವನು ಈ ಕಡೆ ತಲೆ ಹಾಕಿದ್ದು ಇದೇ ಮೊದಲು.

"ಇದು ಹೆಂಗಸರದು. ಗಂಡಸರದು ಆಚೆ ಕಡೆ."

"ನಿನ್ನ ಹತ್ತಿರಾನೇ ಬಂದೆ. ಸ್ವಲ್ಪ ಹೊರಗೆ ಬರ್ತೀಯಾ?"

"ನೆಲ ಒಣಗೋ ತನಕ ಆಗಲ್ಲ. ಯಾರಾದ್ರೂ ಜಾರಿಬಿದ್ರೆ ನನ್ನ ತಲೆಗೆ ಬರುತ್ತೆ. ಅಲ್ಲೇ ನಿಂತು ಹೇಳು."

ಅಣ್ಣ ಚರ್ಚಿನ ಹಿರಿಯರಲ್ಲಿ ಒಬ್ಬ. ಅವರ ತಾತ ಬೋಧಕರಾಗಿದ್ದರು. ಸವೆದ ಚಪ್ಪಲಿಯಲ್ಲಿ ಊರೂರು ನಡೆದು ದೇವರ ವಾಕ್ಯ ಸಾರಿದವರು. ತಾತ ಕಟ್ಟಿಸಿದ ಚರ್ಚಿಗೆ ಬರುವ ಭಾನುವಾರ ನೂರು ವರ್ಷ ತುಂಬುತ್ತಿತ್ತು. ಆ ದಿನಕ್ಕೆಂದು ಅಣ್ಣ ಪುಸ್ತಕವೊಂದನ್ನು ಅಚ್ಚು ಹಾಕಿಸುತ್ತಿದ್ದ. ತಾತನ ಭಕ್ತಿಗೆ ಮೆಚ್ಚಿ ದೇವರು ಅವರ ಮಕ್ಕಳು ಮೊಮ್ಮಕ್ಕಳ ಮೇಲೆ ಸುರಿಸಿದ ಆಶೀರ್ವಾದಗಳು, ಫೋಟೋ ಸಮೇತ. ತಾತನಿಗೆ ಅದರಲ್ಲಿ ಎರಡು ಪುಟ. ಅಣ್ಣನಿಗೆ ಆರು. ಹೊಸ ಮನೆಯ ಮುಂದೆ ನಿಂತ ಅಣ್ಣ, ಕಾರಿಗೆ ಒರಗಿದ ಅಣ್ಣ, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿರುವ ಅಣ್ಣ. ಕಣ್ಣು ಮುಚ್ಚಿದ್ದರೂ ಮುಖ ಮಾತ್ರ ಸರಿಯಾಗಿ ಕ್ಯಾಮೆರಾ ಕಡೆಗೇ ಇತ್ತು.

"ನಿನ್ನದೂ ಹಾಕಿದ್ದೀನಿ. ನಾಳೆ ಪ್ರೆಸ್ಸಿಗೆ ಹೋಗುತ್ತೆ, ಒಂದ್ಸಲ ಓದಿಬಿಡು," ಎಂದು ಹಾಳೆಗಳನ್ನು ಚಾಚಿದ.

ಅವಳು ಕೈ ಒರೆಸಿಕೊಂಡು ಓದಿದಳು. "ಸಾರಿಗೆ ಸಂಸ್ಥೆಯಲ್ಲಿ ನೈರ್ಮಲ್ಯ ಅಧಿಕಾರಿ. ಓಹೋ! ಯಾವಾಗ ಆದೆ ನಾನು?"

"ಸುಳ್ಳೇನಲ್ವಲ್ಲ. ನೈರ್ಮಲ್ಯದ ಕೆಲಸ ತಾನೇ?"

"ಮತ್ತೆ ಅಧಿಕಾರಿ? ಈ ಬ್ರಷ್ ಒಂದು ನನ್ನ ಮಾತು ಕೇಳುತ್ತೆ. ಅದನ್ನ ಬಿಟ್ಟರೆ ಇನ್ಯಾರೂ ಇಲ್ಲ."

"ಹುಡುಗಾಟ ಸಾಕು. ಭಾನುವಾರ ಒಳ್ಳೆ ಬಟ್ಟೆ ಹಾಕ್ಕೊಂಡು ಬಾ. ಹೆಸರು ಓದಿದಾಗ ಎದ್ದು ನಿಂತರೆ ಸಾಕು. ಮಾತಾಡೋಕೆ ಹೋಗಬೇಡ."

ಅವಳಿಗೆ ನಗು ಬಂತು. ಅಧಿಕಾರಿಯಾಗಿ ಒಂದು ಭಾನುವಾರ ಎದ್ದು ನಿಂತು ಕೂತರೆ ಗಂಟೇನೂ ಹೋಗುವುದಿಲ್ಲ ಅಂದುಕೊಂಡಳು. ಹಾಗೇ ತಮ್ಮನಿಗೆ ಯಾವ ಪದವಿ ಕೊಟ್ಟಿದ್ದಾನೋ ನೋಡೋಣವೆಂದು ಹಾಳೆ ಮಗುಚಿದಳು. ನಗು ಅಲ್ಲಿಗೇ ನಿಂತಿತು. ಒಂದೇ ಸಾಲಿತ್ತು: 'ಕಿರಿಯ ಮೊಮ್ಮಗ ಅಕಾಲದಲ್ಲಿ ಪ್ರಭುವಿನಲ್ಲಿ ನಿದ್ರೆಹೋದನು.'

"ಅಣ್ಣ, ಇವನು ಯಾವಾಗ ಸತ್ತ?"

ಅಣ್ಣ ಆಚೀಚೆ ನೋಡಿ ದನಿ ತಗ್ಗಿಸಿದ. "ಇನ್ನೇನಂತ ಬರೀಲಿ? ದೂರದ ಊರಲ್ಲಿದ್ದಾನೆ ಅಂದ್ರೆ ಯಾವ ಊರು, ಏನು ಕೆಲಸ ಅಂತ ಕೇಳ್ತಾರೆ. ಸತ್ತವರ ವಿಳಾಸ ಯಾರೂ ಕೇಳಲ್ಲ."

ತಮ್ಮನದು ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸವಾಗಿತ್ತು. ನಾಲ್ಕನೇ ಮಹಡಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಆಸ್ಪತ್ರೆಯಿಂದ ಬಿಟ್ಟ ದಿನ ಅವಳೇ ಅವನನ್ನು ಅಣ್ಣನ ಮನೆಗೆ ಕರೆದುಕೊಂಡು ಹೋಗಿದ್ದಳು. ಅಣ್ಣ ಗೇಟಿನ ಹತ್ತಿರವೇ ಅವನ ತಲೆಯ ಮೇಲೆ ಕೈಯಿಟ್ಟು, ಕಣ್ಣೀರು ಸುರಿಸುತ್ತ, ಕಾಲು ಗಂಟೆ ಪ್ರಾರ್ಥಿಸಿದ. ಆಮೆನ್ ಅಂದ. ಗೇಟು ಹಾಕಿಕೊಂಡ. ಅಂದಿನಿಂದ ತಮ್ಮ ಅವಳ ಕೋಣೆಯಲ್ಲಿದ್ದಾನೆ. ನಿನ್ನ ದುಡಿಮೆ ಎಷ್ಟು ದಿನ ತಿನ್ನಲಿ ಎಂದು ಹಟ ಹಿಡಿದು, ಹಗಲು ಹೊತ್ತು ಗಾಲಿ ಹಲಗೆಯ ಮೇಲೆ ಕೂತು ಇದೇ ನಿಲ್ದಾಣದಲ್ಲಿ ಬೇಡುತ್ತಾನೆ. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಾರೆ.

"ಬದುಕಿರೋನನ್ನ ಹೂತುಬಿಟ್ಯಲ್ಲೋ! ಅವನೂ ತಾತನ ಮೊಮ್ಮಗನೇ ಅಲ್ವಾ?" ಅವಳು ಆ ಸಾಲಿನ ಮೇಲೆ ಬೆರಳು ಕುಟ್ಟಿದಳು. "ಇದ್ದದ್ದು ಇದ್ದ ಹಾಗೆ ಬರಿ. ನಾನು ಕಕ್ಕಸು ತೊಳೀತೀನಿ, ಅವನು ಭಿಕ್ಷೆ ಬೇಡ್ತಾನೆ. ಇಲ್ಲಾಂದ್ರೆ ಭಾನುವಾರ ಅವನನ್ನ ಚರ್ಚಿಗೆ ಕರ್ಕೊಂಡು ಬಂದು ಮುಂದೇನೇ ಕೂರಿಸ್ತೀನಿ."

"ನಿನಗೆ ತಲೆ ಕೆಟ್ಟಿದ್ಯಾ?" ಕರವಸ್ತ್ರ ಮೂಗಿನಿಂದ ಜಾರಿತು. ಅಣ್ಣ ಈಗ ನಿಜಕ್ಕೂ ಹೆದರಿದ್ದ. "ಮುಖಪುಟದ ಮೇಲೆ ಯಾವ ವಾಕ್ಯ ಹಾಕ್ಸಿದ್ದೀನಿ ಗೊತ್ತಾ? ಬೈಬಲ್ಲಲ್ಲಿ ಕೀರ್ತನೆಗಾರ ಏನಂತಾನೆ? ಚಿಕ್ಕವನಿಂದ ಮುದುಕ ಆಗೋವರೆಗೂ ನೀತಿವಂತರ ಮಕ್ಕಳು ಬೇಡಿ ತಿಂದಿದ್ದನ್ನ ನಾನು ನೋಡಲಿಲ್ಲ ಅಂತಾನೆ. ಅದು ದೇವರ ಮಾತು! ಇವನನ್ನ ತಂದು ಎದುರಿಗೆ ಕೂರಿಸಿದ್ರೆ ಆ ಮಾತಿನ ಗತಿ ಏನು?"

ಅವಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡಳು. ಕೋಪ ಎಲ್ಲಿ ಇಳಿಯಿತೋ, ದನಿ ತಣ್ಣಗಾಗಿತ್ತು.

"ನೀನು ಬಸ್ ನಿಲ್ದಾಣದ ಒಳಗೆ ಬರುವಾಗ ಅವನು 'ಅಣ್ಣಾ, ಅಣ್ಣಾ' ಅಂತ ಎರಡು ಸಲ ಕೂಗಿದ. ನನಗೆ ಇಲ್ಲಿವರೆಗೂ ಕೇಳಿಸ್ತು. ನೀನು ಅವನನ್ನ ನೋಡಿದ್ಯಾ?"

ಅಣ್ಣ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ.

"ಇಲ್ಲ. ನೋಡಲಿಲ್ಲ."

"ಸರಿ ಹಾಗಾದ್ರೆ," ಎಂದು ಅವಳು ಹಾಳೆಗಳನ್ನು ಅವನ ಕೈಗಿಟ್ಟಳು. "ಮುಖಪುಟ ಹಾಗೇ ಇರಲಿ. ಸುಳ್ಳೇನಲ್ಲ."