ಓಂಕಾರ ಸೈಕಲ್ ತಿರುಗಿಸುತ್ತಿದ್ದದ್ದು ಯಾಕೆ?

ಇದನ್ನು ಓದುವಾಗ ನಿಮ್ಮ ಮನೆಯ ಹದಿಹರೆಯದ ಹುಡುಗನ ಮುಖ ಒಮ್ಮೆ ನೆನಪಿಸಿಕೊಳ್ಳಿ...

ಗದಗಿನ ಶಿವಲಿಂಗಪ್ಪ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಚೆಕಿಂಗ್ ಇನ್ಸ್‌ಪೆಕ್ಟರ್. ಇಪ್ಪತ್ತು ವರ್ಷದ ಸರ್ವೀಸು. ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತೇನೆ ಅನ್ನುವ ಜಂಬ ಬೇರೆ!

ಒಂದು ದಿನ ಮಗನ ಕಾಲೇಜಿನಿಂದ ಫೋನ್ ಬಂತು... "ನಿಮ್ಮ ಓಂಕಾರ ದಿನಾ ಮೊದಲನೇ ಪೀರಿಯಡ್‌ಗೆ ಇರಂಗಿಲ್ಲರೀ."

ಎಂಟಕ್ಕೆ ಶುರುವಾಗುವ ಕಾಲೇಜಿಗೆ ಹುಡುಗ ಏಳೂವರೆಗೇ ಮನೆ ಬಿಡುತ್ತಾನೆ. ಸೈಕಲ್‌ನಲ್ಲಿ ಹದಿನೈದು ನಿಮಿಷದ ದಾರಿ. ಹಾಗಾದರೆ ಎಲ್ಲಿ ಹೋಗುತ್ತಾನೆ?

ಶಿವಲಿಂಗಪ್ಪನ ತಲೆಗೆ ಹುಳ ಹೊಕ್ಕಿತು. ಮಗನ ಅಂಗಿ ಮೂಸಿ ನೋಡಿದ... ಸಿಗರೇಟಿನ ವಾಸನೆ ಇಲ್ಲ. ಕಿಸೆ ತಡಕಿದ... ಗುಟ್ಕಾ ಇಲ್ಲ.

ಏನೂ ಸಿಗದೆ ಅನುಮಾನ ಇನ್ನೂ ಹೆಚ್ಚಾಯಿತು. "ಅಂವ ಭಾಳ ಪಳಗ್ಯಾನ" ಅಂತ ಹೆಂಡತಿಗೆ ಹೇಳಿದ.

ಮರುವಾರ ಒಂದು ದಿನ ರಜೆ ಹಾಕಿ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು, ಸ್ಕೂಟರ್ ಮೇಲೆ ಮಗನ ಬೆನ್ನು ಹತ್ತಿದ.

ಸೈಕಲ್ ಒಂದು ರೋಡ್ ಹಂಪ್ ದಾಟಿತು. ಸ್ವಲ್ಪ ಮುಂದೆ ಹೋದ ಓಂಕಾರ ಗಕ್ಕನೆ ನಿಂತ... ತಿರುಗಿ ಬಂದ. ರಸ್ತೆ ನೋಡಿದ, ಪಕ್ಕದ ಗಟಾರದಲ್ಲಿ ಇಣುಕಿದ. ಹೋದ... ಮತ್ತೆ ಬಂದ. ಹೀಗೆ ಆರು ಸಲ!

ಗಟಾರದಲ್ಲಿ ಯಾರೋ ಗಾಂಜಾ ಪ್ಯಾಕೆಟ್ ಇಟ್ಟು ಹೋಗುತ್ತಾರೆ... ಇನ್ನೇನು ಬೇಕು ಸಾಕ್ಷಿ? ಶಿವಲಿಂಗಪ್ಪ ಓಡಿಹೋಗಿ ಮಗನ ರಟ್ಟೆ ಹಿಡಿದ.

"ಯಾರ್ ಕೊಡ್ತಾರಲೇ ನಿನಗ ಮಾಲು? ಬೊಗಳು!"

ಹುಡುಗ ಗಟಾರದ ಕಡೆಗೇ ನೋಡುತ್ತ ಹೇಳಿದ.

"ಮಾಲೂ ಇಲ್ಲ ಏನೂ ಇಲ್ಲಪಾ... ಒಂದ್ ವರ್ಷಾತು, ಹಂಪ್ ಬಂದಾಗೆಲ್ಲಾ ಹಿಂಗ... ಗಾಲಿ ಎಗರಿದ ಕೂಡ್ಲೇ ಯಾರ ಮ್ಯಾಲರ ಹಾಯ್ಸಿದ್ನೇನೋ ಅನಸ್ತೈತಿ. ಸಣ್ಣ ಕೂಸರ ಗಟಾರದಾಗ ಬಿದ್ದೈತೇನೋ ಅಂತ... ಇಲ್ಲಂತ ಗೊತ್ತೈತಿ. ಆದ್ರೂ ನೋಡ್ಲಿಲ್ಲಂದ್ರ ಜೀವ ನಿಲ್ಲಂಗಿಲ್ಲ. ನಾ ಹುಚ್ಚ ಆಗೇನೇನಪಾ?"

ನಡುರಸ್ತೆಯಲ್ಲೇ ಶಿವಲಿಂಗಪ್ಪ ಮಗನನ್ನು ಅಪ್ಪಿಕೊಂಡು ಅತ್ತುಬಿಟ್ಟ. ತಾನು ಮಗನನ್ನು ಅನುಮಾನಿಸಿದ್ದು ಒಂದು ವಾರ. ಮಗ ಒಂದು ವರ್ಷದಿಂದ ತನ್ನನ್ನೇ ತಾನು ಅನುಮಾನಿಸುತ್ತಿದ್ದ... ಯಾರಿಗೂ ಹೇಳದೆ, ಒಬ್ಬನೇ!

ಮಗನನ್ನು ಕರೆದೊಯ್ದು ತೋರಿಸಿದಾಗ ಮನೋವೈದ್ಯೆ ಬಿಡಿಸಿ ಹೇಳಿದರು... "ಇದು ಒಸಿಡಿ ಅನ್ನೋ ಕಾಯಿಲೆ, ಬ್ಯಾಡಂದ್ರೂ ಅದೇ ಅನುಮಾನ ಬಂದು ಮತ್ತ ಮತ್ತ ನೋಡಸ್ತದ. ಹುಚ್ಚಲ್ಲ, ಕಳ್ಳಾಟಾನೂ ಅಲ್ಲ. ಚಿಕಿತ್ಸೆಯಿಂದ ಹತೋಟಿಗೆ ಬರ್ತದ. ಹಂಪ್ ದಾಟಬೇಕು, ತಿರುಗಿ ನೋಡಬಾರ್ದು, ಹೆದರಿಕೆ ತಾನಾಗೇ ಇಳಿಯೋತನಕ ತಡ್ಕೋಬೇಕು. ಸ್ವಲ್ಪ ಸ್ವಲ್ಪನ ರೂಢಿ ಮಾಡಿಸ್ತೀವಿ. 'ಏನೂ ಆಗಿಲ್ಲ ಬಿಡು' ಅಂತ ನೀವು ಪದೇ ಪದೇ ಸಮಾಧಾನ ಮಾಡಿದ್ರ, ಆ ಕಾಯಿಲೆಗೆ ಊಟ ಹಾಕಿದಂಗ."

ಎರಡು ತಿಂಗಳ ಮೇಲೆ ಮಗ ಸೈಕಲ್‌ನಲ್ಲಿ, ಅಪ್ಪ ಹಿಂದೆ ಸ್ಕೂಟರ್‌ನಲ್ಲಿ, ಇಬ್ಬರೂ ಅದೇ ದಾರಿಯಲ್ಲಿ ಹೊರಟಿದ್ದರು. ಹಂಪ್ ದಾಟಿದ ಓಂಕಾರನ ಮುಖ ಬಿಳಿಚಿತು.

"ಅಪ್ಪಾ, ನೀ ಹಿಂದ ಇದ್ದಿ... ಯಾರಿಗೂ ಏನೂ ಆಗಿಲ್ಲಲ್ಲ? ಒಂದ್ ಸಲ ಹೇಳಪಾ!"

ಹೇಳಿಬಿಡೋಣ ಅಂತ ಮಾತು ನಾಲಿಗೆ ತುದಿಗೆ ಬಂತು. ಕಣ್ಣು ತುಂಬಿ ಬಂದವು. ಶಿವಲಿಂಗಪ್ಪ ನುಂಗಿಕೊಂಡ.

"ನನಗ ಗೊತ್ತಿಲ್ಲಪ್ಪ... ನಾನೂ ಹಿಂದ ನೋಡಂಗಿಲ್ಲ. ನಡಿ ಮುಂದ."

ಓಂಕಾರ ಐದು ನಿಮಿಷ ಹ್ಯಾಂಡಲ್ ಬಿಗಿಯಾಗಿ ಹಿಡಿದು ನಿಂತ... ಆಮೇಲೆ ಪೆಡಲ್ ತುಳಿದ. ಮುಂದಕ್ಕೆ!

*ಮಕ್ಕಳ ಭಯವನ್ನು ತಪ್ಪು ಅಂತ ತಿಳಿದು ಶಿಕ್ಷೆ ಕೊಡಬೇಡಿ... ಅದು ಕಾಯಿಲೆಯೂ ಇರಬಹುದು, ಅದಕ್ಕೆ ಚಿಕಿತ್ಸೆಯೂ ಇದೆ.*

ನಿಮ್ಮ ಮಗ ತಡವಾಗಿ ಬಂದ ದಿನ ನೀವು ಮೊದಲು ಕೇಳುವುದು "ಎಲ್ಲಿ ಹೋಗಿದ್ದೆ?" ಅಂತಲೋ... "ಏನಾಯ್ತಪ್ಪಾ?" ಅಂತಲೋ?