ಮದುವೆ ನೀರು

ಗುಲಾಬಿ ಖಾಲಿ ಕೊಡ ಹಿಡಿದು, ಸೊಂಟದವರೆಗೆ ನೆನೆದು, ಸರಸಕ್ಕನ ಜಗಲಿ ಹತ್ತಿದಳು. ಬೆಳಗಾಗುವಷ್ಟರಲ್ಲಿ ಸೌಪರ್ಣಿಕಾ ಹೊಳೆ ದಂಡೆ ಮೀರಿ ಕೆಳಗಿನ ಮನೆಗಳ ಅಂಗಳಕ್ಕೆ ಬಂದಿತ್ತು.

"ಹ್ವಾಯ್ ಸರಸಕ್ಕ, ಕುಡೂಕೆ ಒಂಚೂರ್ ನೀರ್ ಇತ್ತಾ? ನಮ್ ಬಾವಿ ಎಲ್ಲಿತ್ತಂದೇ ಕಾಂತಿಲ್ಲೆ. ಅದ್ರ್ ಮೇಲ್ ಚಂದಯ್ಯನ ಕೋಳಿಗೂಡ್ ತೇಲ್ತಾ ಇತ್ತ್."

ಸರಸಕ್ಕನ ಮನೆ ಎತ್ತರದಲ್ಲಿದ್ದರೂ ಅವರ ಬಾವಿ ನೀರೂ ಚಹಾದ ಬಣ್ಣಕ್ಕೆ ತಿರುಗಿತ್ತು. ಕಾಯಿಸೋಣವೆಂದರೆ ಗ್ಯಾಸ್ ಮುಗಿದಿದೆ, ಕಟ್ಟಿಗೆ ಹಿಂಡಿದರೆ ನೀರು ಬರುತ್ತದೆ. ಸರಸಕ್ಕ ಮಗನ ಮುಖ ನೋಡಿದರು. ತ್ರಾಸಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ರಂಜನ್ ಅಮ್ಮನ ಮುಖ ನೋಡಿದ. ಅಟ್ಟದ ಕಡೆ ನೋಡಬಾರದು ಎಂದುಕೊಂಡೇ ಇಬ್ಬರೂ ಅಟ್ಟದ ಕಡೆ ನೋಡಿದರು.

ಅಟ್ಟದ ಮೇಲೆ, ಹಳೇ ಚಾಪೆಯ ಅಡಿಯಲ್ಲಿ, ಬಾಕ್ಸುಗಟ್ಟಲೆ ನೀರಿನ ಬಾಟಲಿಗಳಿದ್ದವು. ಒಂದೊಂದರ ಮೇಲೂ ರಂಜನ್ ಮತ್ತು ಉಪ್ಪುಂದದ ರಮಿತಾಳ ಫೋಟೋ, ಕೆಳಗೆ ಬಂಗಾರದ ಅಕ್ಷರದಲ್ಲಿ 'ಶುಭ ವಿವಾಹ'. ನಿಶ್ಚಿತಾರ್ಥ ಮುಗಿದ ಹುಮ್ಮಸ್ಸಿನಲ್ಲಿ ರಂಜನ್ ಮದುವೆ ಊಟಕ್ಕೆಂದು ಮೊದಲೇ ತರಿಸಿಟ್ಟಿದ್ದ. ಆಮೇಲೆ ಹೆಣ್ಣಿನ ಮನೆಯ ಊಟವೊಂದರಲ್ಲಿ ಅವನ ಸೋದರಮಾವ ಪಾಯಸ ತೆಳುವಾಯಿತು ಎಂದರು. ನಾಲಗೆ ದಪ್ಪ ಆದವರಿಗೆ ಹಾಗೇ ಅನಿಸುವುದು ಎಂದು ರಮಿತಾಳ ಚಿಕ್ಕಪ್ಪ ಅಂದರು. ಮದುವೆ ಅಲ್ಲಿಗೇ ನಿಂತಿತು. ಕರೆಯೋಲೆ ಇನ್ನೂ ಹಂಚಿರಲಿಲ್ಲವಾದ್ದರಿಂದ ಊರಿಗೆ ಸುದ್ದಿಯೂ ಇರಲಿಲ್ಲ. ಬಾಟಲಿಗಳನ್ನು ಎಸೆಯಲು ಮಾತ್ರ ರಂಜನ್‌ಗೆ ಮನಸ್ಸು ಬಂದಿರಲಿಲ್ಲ.

ಈಗ ಅವನು ಅಟ್ಟದಲ್ಲಿ ಕೂತು ಲೇಬಲ್ ಕೀಳತೊಡಗಿದ. ಎಂಥ ಅಂಟೋ ಏನೋ, ಪ್ರತಿ ಸಲವೂ ಅವನ ಮುಖ ಹರಿದು ಕೈಗೆ ಬರುತ್ತಿತ್ತು, ರಮಿತಾಳ ಮುಖ ಬಾಟಲಿಯಲ್ಲೇ ಉಳಿಯುತ್ತಿತ್ತು. ಮದುಮಗನಿಲ್ಲದ ಮದುಮಗಳು ಇನ್ನೂ ಅಪಾಯ ಎಂದು ಬಿಟ್ಟುಬಿಟ್ಟ. ಕೆಳಗೆ ಗುಲಾಬಿ ಕೂಗುತ್ತಿದ್ದಳು, "ಬೇಗ ತಕಂಬಾ ಮಗಾ, ಕೆಳಮನಿ ಮಕ್ಳ್ ಬಾಯಾರಿಕೆ ಅಂದ್ ಮರ್ಕ್ತಾ ಇದ್ದೊ!"

ಬಾಕ್ಸು ತಲೆಯ ಮೇಲಿಟ್ಟು ರಂಜನ್ ನೀರಿಗಿಳಿದ. ಮಕ್ಕಳು ಲೇಬಲ್ ನೋಡದೆ ಕುಡಿದರು. ಚಂದಯ್ಯ ಹಾಗಲ್ಲ. ತನ್ನ ಜಗಲಿಯ ಬೆಂಚಿನ ಮೇಲೆ ಕಾಲೆತ್ತಿ ಕೂತಿದ್ದ ಆ ಮುದುಕ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದು ಓದಿದ.

"ಎಂತ ಮಗಾ ಇದ್? ನಿಂಗೆ ಮದಿ, ನಂಗ್ ಕರೀಲೇ ಇಲ್ಲ?"

"ಮದಿ ಇಲ್ಲೆ ಚಂದಯ್ಯಣ್ಣ. ಇದ್ ಬರೀ ನೀರ್. ಕುಡೀನಿ."

"ಕರೀದ್ ಮದಿ ನೀರ್ ನಾನ್ ಕುಡೂದಿಲ್ಲ."

ಮುದುಕನ ತುಟಿ ಒಣಗಿ ಬಿರಿದಿತ್ತು. ಆದರೂ ಬಾಟಲಿಯನ್ನು ಬೆಂಚಿನ ಮೇಲಿಟ್ಟು ಹೊಳೆ ನೋಡುತ್ತ ಕೂತ. ರಂಜನ್ ಬೇಡಿದ, ಗದರಿದ. ಕೊನೆಗೆ ಮೊಣಕಾಲು ನೀರಿನಲ್ಲಿ ನಿಂತು ಕೈ ಮುಗಿದ. "ನಮ್ ಮದಿಗೆ ಮನಿಮಂದಿ ಎಲ್ಲ ಬಂದ್, ಊಟ ಮಾಡ್ಕಂಡ್ ಹೋಯ್ಕ್."

"ಯಾವತ್ತ್?"

"ಮತ್ತ್ ಹೇಳ್ತೆ."

ಚಂದಯ್ಯ ಗಟಗಟನೆ ಬಾಟಲಿ ಖಾಲಿ ಮಾಡಿ, ಇನ್ನೊಂದು ಕೇಳಿದ. ಪಕ್ಕದ ಮನೆಯವರು ಇದನ್ನು ನೋಡಿದ್ದರು. ಚಂದಯ್ಯನಿಗೆ ಕರೆದು ತಮಗೆ ಕರೆಯದಿದ್ದರೆ ಹೇಗೆ? ಮಧ್ಯಾಹ್ನದೊಳಗೆ ರಂಜನ್ ಇಲ್ಲದ ಮದುವೆಗೆ ಇಡೀ ಕೆಳಕೇರಿಯನ್ನು ಆಮಂತ್ರಿಸಿ ಆಗಿತ್ತು.

ಮರುದಿನ ಬ್ಲೀಚಿಂಗ್ ಪೌಡರಿನ ಚೀಲ ಹೇರಿಕೊಂಡು ಒಂದು ದೋಣಿ ಬಂತು. ಬಾವಿಗಳ ಪರೀಕ್ಷೆಗೆಂದು ಬಂದ ಆರೋಗ್ಯ ಇಲಾಖೆಯ ಹುಡುಗಿ ರೇನ್‌ಕೋಟಿನ ಟೊಪ್ಪಿ ಸರಿಸಿದ್ದೇ ತಡ, ಚಂದಯ್ಯ ಜಗಲಿಯಿಂದ ಕೂಗಿದ, "ಹ್ವಾಯ್, ಬಾಟ್ಲಿ ಹೆಣ್ಣ್ ಬಂತ್!"

ರಮಿತಾಳಿಗೆ ಏನೂ ಅರ್ಥವಾಗಲಿಲ್ಲ. ಗುಲಾಬಿ ಒಂದು ಬಾಟಲಿ ತಂದು ಅವಳ ಕೆನ್ನೆಯ ಪಕ್ಕ ಹಿಡಿದು, ಅದನ್ನೊಮ್ಮೆ ಇದನ್ನೊಮ್ಮೆ ನೋಡಿ, "ಇದೇ! ಇದೇ!" ಎಂದು ಕುಣಿದಳು. "ಮದಿಗ್ ನಾವೆಲ್ಲ ಬತ್ತೊ, ಹೆದ್ರ್‌ಬ್ಯಾಡ!"

ರಮಿತಾ ಕಿವಿಯವರೆಗೆ ಕೆಂಪಾದಳು. ಬಾಟಲಿ ಕಸಿದುಕೊಂಡು ನೀರಿನಲ್ಲಿ ಬುಳುಬುಳು ಕಾಲು ಹಾಕುತ್ತ ರಂಜನ್‌ನ ಅಂಗಳಕ್ಕೇ ಬಂದಳು. ಅವನು ಖಾಲಿ ಬಾಕ್ಸು ಎದೆಗೆ ಅಡ್ಡ ಹಿಡಿದು ನಿಂತ. ಸರಸಕ್ಕ ಬಾಗಿಲ ಹಿಂದೆ ಸರಿದರು.

"ನನ್ನ್ ಕೇಣ್ದೆ ನನ್ನ್ ಮದಿಗ್ ಊರೆಲ್ಲ ಕರೆದ್ರ್ಯಾ?"

"ಕರೀದಿದ್ರೆ ಚಂದಯ್ಯಣ್ಣ ನೀರ್ ಕುಡಿತಿರ್ಲಿಲ್ಲ," ಎಂದ ರಂಜನ್. ಅದು ನಿಜವೂ ಆಗಿತ್ತು.

ರಮಿತಾ ತನ್ನ ಕೆಲಸ ನೆನಪಾದವಳಂತೆ ಬಾಟಲಿಯ ಸೀಲು ನೋಡಿದಳು, ತಾರೀಕು ಓದಿದಳು, ಬೆಳಕಿಗೆ ಹಿಡಿದು ಅಲ್ಲಾಡಿಸಿದಳು. ಕೊನೆಗೆ ಫೋಟೋ ಕಣ್ಣಿಗೆ ಬಿತ್ತು. ಹುಬ್ಬು ಗಂಟಿಕ್ಕಿತು.

"ಇದ್ರಲ್ಲ್ ನನ್ನ್ ಕಣ್ಣ್ ಮುಚ್ಚಿತ್ತಲೆ! ಇದನ್ನೇ ಊರೆಲ್ಲ ಹಂಚಿದ್ರ್ಯಾ?"

"ನಂಗೆ ಚಂದ ಕಂಡಿತ್," ಎಂದ ರಂಜನ್, ಮೆಲ್ಲಗೆ.

ರಮಿತಾ ಬಾಟಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು ದೋಣಿಯ ಕಡೆ ತಿರುಗಿದಳು. ಹತ್ತಿ ಕೂತ ಮೇಲೆ ಹೇಳಿದಳು, "ಮುಂದಿನ್ ಸಲ ಪ್ರಿಂಟ್ ಮಾಡ್ಸೂಕಿಂತ ಮುಂಚೆ ನಂಗೊಂದ್ಸಲ ತೋರ್ಸಿ."

ದೋಣಿ ತೆಂಗಿನ ಮರಗಳ ನಡುವೆ ಮರೆಯಾಯಿತು. ಸರಸಕ್ಕ ಬಾಗಿಲ ಹಿಂದಿನಿಂದ ಹೊರಬಂದು ಮಗನ ತೋಳು ಹಿಡಿದು ಅಲ್ಲಾಡಿಸಿದರು. "ಎಂತ ಹೇಳ್ತ್ ಅದ್? ಎಂತ ಹೇಳ್ತ್?"

"ನೀರ್ ಒಳ್ಳೇದಿತ್ತಂಬ್ರ್, ಅಮ್ಮ," ಎಂದ ರಂಜನ್.